ಕೈ ತೋರ್ಸು ಅನ್ನುತ್ತಿದ್ದ ಅಕ್ಕೋರು

ಹೋದ ತಿಂಗಳು ಆಳಂದದಿಂದ ಫೋನು ಬಂತು. ಅಕ್ಕೋರು ಹೋದರಂತೆ. ಸುದ್ದಿ ಹೇಳಿದವಳು ನಮ್ಮ ಜೊತೆ ಕೆಲಸ ಮಾಡಿದ ಇನ್ನೊಬ್ಬ ನರ್ಸು. ಅಳುತ್ತಲೇ ಹೇಳಿದಳು. ಹೇಳಿ ಮುಗಿಸಿ, "ಇನ್ನ ನಾವು ಯಾರಿಗೆ ಅಂಜೂದು ಬೇ?" ಎಂದಳು. ನನಗೆ ಮೊದಲು ನಗು ಬಂತು, ಆಮೇಲೆ ಅಳು. ಅಂಜಿಕೆಯನ್ನು ಬಿಟ್ಟು ಅವರನ್ನು ನೆನೆಯುವುದು ನಮಗೆ ಯಾರಿಗೂ ಬರುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸೂ ಅಕ್ಕೋರು, ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ಹೆಂಗಸೂ ಅಕ್ಕೋರು. ಅಫಜಲಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಖಾಸಗಿ ದವಾಖಾನೆ ಇತ್ತು. ಅಲ್ಲಿ ಹೆರಿಗೆ ವಾರ್ಡಿಗೂ ಕೂಸುಗಳ ಕೋಣೆಗೂ ಅವರೇ ಹಿರಿಯ ನರ್ಸು, ನಾನು ಅವರ ಕೈಕೆಳಗಿನವಳು. ಆ ದವಾಖಾನೆ ಈಗಿಲ್ಲ. ಆ ಕಟ್ಟಡದಲ್ಲಿ ಸಿಮೆಂಟು, ಕಬ್ಬಿಣ ಮಾರುತ್ತಾರೆ.

ಆಳು ಕುಳ್ಳು, ದನಿ ಮಾತ್ರ ಗೇಟಿನತನಕ ಕೇಳುತ್ತಿತ್ತು. ಗೇಟಿನ ಎದುರು ಚಹಾದಂಗಡಿ ಇಟ್ಟಿದ್ದವನು, "ಇವತ್ತು ಅಕ್ಕೋರು ಯಾರಿಗೆ ಬೈದ್ರು ಅನ್ನೂದು ನಿಮಗಿಂತ ಮೊದಲ ನಂಗ ಗೊತ್ತಾಗ್ತದ್ರಿ" ಎನ್ನುತ್ತಿದ್ದ. ಬೈಗುಳದಲ್ಲಿ ಅರ್ಧ ಮರಾಠಿ ಇರುತ್ತಿತ್ತು. ಆಳಂದದ ಆಚೆಯ ಗಡಿ ಹಳ್ಳಿಯ ಹುಟ್ಟು ಅವರದು. ಬೈಸಿಕೊಂಡವರಿಗೆ ಎಲ್ಲ ಮಾತು ತಿಳಿಯದೆ ಇದ್ದದ್ದು ಒಂದು ಪುಣ್ಯವೇ.

ಅಕ್ಕೋರು ಕೆಲಸಕ್ಕೆ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಬಳೆ ಬಿಚ್ಚುವುದು. ಒಂದೊಂದಾಗಿ ಬಿಚ್ಚಿ, ಕರವಸ್ತ್ರದಲ್ಲಿ ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೊಣಕೈತನಕ ಬರಿಗೈ. ಹಳ್ಳಿಯಿಂದ ಬಂದ ಹೆಂಗಸರು ಆ ಕೈ ನೋಡಿ, ಪಾಪ, ಗಂಡ ತೀರಿಕೊಂಡಿದ್ದಾನೆ ಎಂದು ತಿಳಿದು ಮರುಗುತ್ತಿದ್ದರು. ಗಂಡ ದಿನಾ ಮುಂಜಾನೆ ಮೋಟರ್ ಸೈಕಲ್ಲಿನ ಮೇಲೆ ಅವರನ್ನು ಬಿಟ್ಟು ಹೋಗುತ್ತಿದ್ದ ಮನುಷ್ಯ. ಒಮ್ಮೆ ಒಬ್ಬ ಮುದುಕಿ ಬಾಯಿ ಬಿಟ್ಟೇ ಕೇಳಿದಳು. ಅಕ್ಕೋರು ಕೂಸಿನ ಹೊಕ್ಕಳು ನೋಡುತ್ತಲೇ ಹೇಳಿದರು: "ನನ್ನ ಗಂಡ ಗಟ್ಟಿ ಅದಾನಬೇ ಯಮ್ಮಾ. ಅವನ ಜೀವ ನನ್ನ ಕೈಬಳಿ ಮ್ಯಾಲ ನಿಂತಿಲ್ಲ. ಈ ಕೂಸಿನ ಜೀವ ನಿಂತದ."

ಇನ್ನೊಂದು ಅವರ ಮಾತು "ಕೈ ತೋರ್ಸು". ಕೂಸುಗಳ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಬರುವ ಯಾರದೇ ಆಗಲಿ, ಮಣಿಕಟ್ಟು ಹಿಡಿದು, ಅಂಗೈ ತಿರುವಿ, ಉಗುರಿನ ಕೆಳಗೆ ನೋಡಿ, ಮೂಸಿಯೂ ನೋಡುತ್ತಿದ್ದರು. ಆಯಾಗಳಿಗೂ ಅದೇ, ನಮಗೂ ಅದೇ, ದವಾಖಾನೆಯ ಮಾಲೀಕರಾದ ಮಕ್ಕಳ ಡಾಕ್ಟರಿಗೂ ಅದೇ. ಡಾಕ್ಟರು ಮೊದಮೊದಲು ಸಿಟ್ಟಾಗುತ್ತಿದ್ದರು, ಆಮೇಲೆ ಶಾಲೆ ಹುಡುಗನ ಹಾಗೆ ತಾವೇ ಎರಡೂ ಕೈ ಮುಂದೆ ಚಾಚಿ ನಿಲ್ಲುತ್ತಿದ್ದರು.

ಮಂದಿಯ ದೈವಭಕ್ತಿಯ ಜೊತೆ ಮಾತ್ರ ಅವರು ಜಗಳಕ್ಕೆ ಇಳಿಯುತ್ತಿರಲಿಲ್ಲ. ಅಜ್ಜಿಯರು ಮಠದಿಂದ ವಿಭೂತಿ, ದರ್ಗಾದಿಂದ ಊದಿ ತಂದು, ಕೂಸಿನ ಹೊಕ್ಕಳಿಗೆ ಒಂದಿಷ್ಟು ಹಚ್ಚುತ್ತೇವೆ ಎಂದು ಹಟ ಹಿಡಿಯುತ್ತಿದ್ದರು. "ಕೂಸಿಗೆ ಬ್ಯಾಡ್ರಿ. ಕೂಸಿನ್ನ ನೋಡಾಕಿ ನಾನು, ನನ್ನ ಹಣೀಗೆ ಹಚ್ಚ್ರಿ, ದೇವರಿಗೆ ಗೊತ್ತಾಗ್ತದ" ಎಂದು ತಲೆ ಬಗ್ಗಿಸುತ್ತಿದ್ದರು. ಕೆಲವು ದಿನ ಸಂಜೆ ಮನೆಗೆ ಹೊರಡುವಾಗ ಅವರ ಹಣೆಯ ಮೇಲೆ ಎಲ್ಲ ಜಾತಿಯ ಬೂದಿಯೂ ಇರುತ್ತಿತ್ತು.

ಇಷ್ಟು ಹೇಳಿದರೆ ಅವರನ್ನು ದೇವತೆ ಮಾಡಿದಂತಾಗುತ್ತದೆ. ಹಾಗೇನೂ ಇರಲಿಲ್ಲ. ಅವರ ದೊಡ್ಡ ದೋಷವೆಂದರೆ ತಪ್ಪು ಒಪ್ಪದಿರುವುದು. ಅವರು ಮಾಡಿ ತಂದ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದ್ದರೆ ಅದು ಅಂಗಡಿಯವನ ಉಪ್ಪಿನ ತಪ್ಪು. ದಾರಿ ತಪ್ಪಿದರೆ ಅದು ರಸ್ತೆಯ ತಪ್ಪು. ಒಬ್ಬ ಆಯಾಳ ಮೇಲೆ ಕಳ್ಳತನ ಹೊರಿಸಿ, ಕಳೆದ ಕತ್ತರಿ ಆಮೇಲೆ ತಮ್ಮ ಚೀಲದಲ್ಲೇ ಸಿಕ್ಕಾಗಲೂ "ನೀ ಸರಿಯಾಗಿ ಹುಡುಕಿದ್ರ ಆವಾಗೇ ಸಿಗ್ತಿತ್ತು" ಎಂದು ಆಕೆಗೇ ಬೈದರು. ನನಗೆ ಅವತ್ತು ಅವರ ಮುಖ ನೋಡುವುದೂ ಬೇಡವಾಗಿತ್ತು.

ಇನ್ನೊಂದು ಗುಣ ಇತ್ತು, ಅದನ್ನು ನಾವೆಲ್ಲ ಒಳ್ಳೆಯದೆಂದೇ ತಿಳಿದಿದ್ದೆವು. ನೀರು ಚೆಲ್ಲಿದರೆ ಅವರಿಗೆ ಜೀವ ಹೋಗುತ್ತಿತ್ತು. ಸಣ್ಣಂದಿನಲ್ಲಿ ದೂರದ ಬಾವಿಯಿಂದ ಕೊಡ ಹೊತ್ತವರು. ಕೈ ತೊಳೆಯಲು ಎಷ್ಟಾದರೂ ಚೆಲ್ಲಿ ಎನ್ನುತ್ತಿದ್ದರು, ಉಳಿದದ್ದಕ್ಕೆ ಹನಿಹನಿಗೂ ಲೆಕ್ಕ. ಅದರಲ್ಲೂ 'ಮಕ್ಕಳ ನೀರು' ಎಂಬುದೊಂದಿತ್ತು. ಅದನ್ನು ತಾವೇ ಕುದಿಸಿ, ಆರಿಸಿ, ಬಟ್ಟೆ ಕಟ್ಟಿ ಇಡುತ್ತಿದ್ದರು. ಕೂಸಿಗೆ ಆಕ್ಸಿಜನ್ ಕೊಡುವಾಗ ಗಾಳಿ ತೀರಾ ಒಣಗಿರಬಾರದೆಂದು ಅದನ್ನು ಒಂದು ಸಣ್ಣ ಬಾಟಲಿಯ ನೀರಿನೊಳಗಿಂದ ಹಾಯಿಸುತ್ತಾರೆ. ಆ ಬಾಟಲಿಗೆ ಹಾಕುವುದು ಈ ನೀರು. ನೀರು ಗುಳುಗುಳು ಅನ್ನುತ್ತಿರುತ್ತದೆ. ಆ ಸದ್ದು ಕೇಳುತ್ತಿದ್ದರೆ ನಮಗೂ ತಾಯಂದಿರಿಗೂ ಧೈರ್ಯ. ಬಾಟಲಿಯಲ್ಲಿ ನೀರು ಇಳಿದರೆ ಆಯಾಗಳಿಗೆ ಅವರ ಅಪ್ಪಣೆ: "ಕುದಿಸಿದ ನೀರು ಚೆಲ್ಲಬ್ಯಾಡ್ರೆವ್ವ. ಕೂಸಿನ ತಲಿಕಡೆ ಖಾಲಿ ಬಾಟ್ಲಿ ಇಡೂದು ಚಲೋ ಅಲ್ಲ. ಇದ್ದದ್ದರ ಮ್ಯಾಲ ಹಾಕ್ರಿ." ಖಾಲಿ ಕೊಡ ಎದುರು ಬಂದರೆ ಹೊರಟ ಕೆಲಸ ಬಿಟ್ಟು ಹಿಂದಿರುಗುವ ಸೀಮೆ ನಮ್ಮದು. ಆ ಮಾತು ಯಾರಿಗೂ ವಿಚಿತ್ರವೆನಿಸಲಿಲ್ಲ.

ಒಂದು ಬೇಸಿಗೆಯಲ್ಲಿ ದವಾಖಾನೆಯ ಬೋರ್‌ವೆಲ್ ನಿಂತುಹೋಯಿತು. ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅದೇ ಹೊತ್ತಿಗೆ ನನ್ನ ತಂಗಿಗೆ ದಿನ ತುಂಬುವ ಮೊದಲೇ ನೋವು ಬಂದು, ನೆಲೋಗಿಯ ಅವಳ ಗಂಡನ ಮನೆಯವರು ನಾನಿದ್ದೇನೆಂಬ ಧೈರ್ಯದಿಂದ ನಮ್ಮಲ್ಲಿಗೇ ಕರೆತಂದರು. ಹೆಣ್ಣು ಕೂಸು. ಒಂದು ಅಂಗೈ, ಅರ್ಧ ಮುಂಗೈ, ಅಷ್ಟೇ ಅದರ ಉದ್ದ. ಉಸಿರಿಗೆ ಆಕ್ಸಿಜನ್ ಹಚ್ಚಿ ಮೂಲೆಯ ತೊಟ್ಟಿಲಲ್ಲಿ ಮಲಗಿಸಿದೆವು.

ಅದರ ಪಕ್ಕದ ತೊಟ್ಟಿಲಲ್ಲಿ ಕೊಳಕೂರ ಕಡೆಯ ಒಬ್ಬ ಎಳೆಯ ಹುಡುಗಿಯ ಗಂಡುಕೂಸು ಇತ್ತು. ಅದೂ ಸಣ್ಣದೇ, ಆದರೆ ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು. ನಾಳೆ ನಾಡಿದ್ದರಲ್ಲಿ ಆಕ್ಸಿಜನ್ ತೆಗೆಯೋಣ ಎಂದು ಡಾಕ್ಟರು ಹೇಳಿದ್ದರು. ಆ ತಾಯಿ ನಮಗೆಲ್ಲ ಪೇಡೆ ತರಿಸಲು ಗಂಡನಿಗೆ ಹೇಳಿಯೂ ಆಗಿತ್ತು. ಒಂದು ಮುಂಜಾನೆ ಕೂಸು ಹಾಲು ಬಿಟ್ಟಿತು. ಮಧ್ಯಾಹ್ನಕ್ಕೆ ಮೈ ತಣ್ಣಗಾಗಿ, ಚರ್ಮದ ಮೇಲೆ ಬಲೆ ಬಲೆಯಾಗಿ ನೀಲಿ ಎದ್ದಿತು. ಸಂಜೆಯೊಳಗೆ ಹೋಯಿತು. ರಕ್ತಕ್ಕೆ ನಂಜು ಏರಿದೆ ಎಂದರು ಡಾಕ್ಟರು. ಇನ್ನೊಂದು ಕೂಸಿಗೂ ಹಾಗೇ ಶುರುವಾದಾಗ ಕಾಯದೆ ಕಲಬುರಗಿಗೆ ಕಳಿಸಿದರು, ಅದು ಅಲ್ಲಿ ಹೇಗೋ ಉಳಿಯಿತು. ಕೋಣೆಯಲ್ಲಿ ಆಕ್ಸಿಜನ್ ಮೇಲೆ ಇನ್ನು ಉಳಿದದ್ದು ನನ್ನ ತಂಗಿಯ ಕೂಸು.

ಆ ಕೂಸನ್ನು ಬೇರೆ ಕಡೆ ಒಯ್ಯಲೇ ಎಂದು ಡಾಕ್ಟರನ್ನು ಕೇಳಿದೆ. ಇಷ್ಟು ಸಣ್ಣ ಕೂಸು ಈ ಬಿಸಿಲಲ್ಲಿ ದಾರಿ ತಡೆಯಲಿಕ್ಕಿಲ್ಲ, ಚೆನ್ನಾಗಿಯೇ ಇದೆಯಲ್ಲ, ಕಾಯೋಣ ಎಂದರು. ನರ್ಸಾಗಿ ಆ ಮಾತು ಒಪ್ಪಿದೆ. ದೊಡ್ಡಮ್ಮನಾಗಿ ಒಪ್ಪುವುದು ಹೇಗೆ? ತಂಗಿ ಹಾಸಿಗೆಯಿಂದಲೇ ನನ್ನ ಮುಖ ನೋಡುತ್ತಿದ್ದಳು. "ಅಕ್ಕಾ, ನನ್ನ ಕೂಸು ಚಲೋ ಅದನಾ?" ಎಂದು ಹೋದಾಗಲೆಲ್ಲ ಕೇಳುತ್ತಿದ್ದಳು. ನಾನು ಮುಖ ಗಟ್ಟಿ ಮಾಡಿಕೊಂಡು ಹೌದೆನ್ನುತ್ತಿದ್ದೆ.

ಅಕ್ಕೋರು ಯುದ್ಧಕ್ಕೆ ನಿಂತವರಂತೆ ಆದರು. "ಇದು ಹೊರಗಿಂದ ಬಂದದ್ದ. ನನ್ನ ಖೋಲಿ ಸಾಫ್ ಅದ" ಎಂಬುದು ಅವರ ತೀರ್ಮಾನ. ಎಲ್ಲ ಆಯಾಗಳ ಬಳೆ, ಉಂಗುರ, ಮಣಿಕಟ್ಟಿನ ದಾರ ಬಿಚ್ಚಿಸಿದರು. ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಹಾಕಿಕೊಂಡು ಕುಳಿತರು. ಅತನೂರಿನಿಂದ ಮೊಮ್ಮಗಳನ್ನು ನೋಡಲು ಬಂದ ನನ್ನ ಅವ್ವನನ್ನೂ ಒಳಗೆ ಬಿಡಲಿಲ್ಲ. ಅವ್ವ ಕೈ ತೊಳೆದುಕೊಂಡು ಬಂದು ತೋರಿಸಿದರೂ ಇಲ್ಲ. "ನನ್ನ ಕೈಯಾಗ ಇಸಾ ಐತೇನ ಬೇ?" ಎಂದು ಅವ್ವ ಕೂಗಾಡಿದಳು. ಅಕ್ಕೋರು ಅಲುಗಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಕೆಟ್ಟ ಸಿಟ್ಟು ಬಂತು, ಅದೇ ಹೊತ್ತಿಗೆ ಅವರು ಅಲ್ಲಿ ಕುಳಿತಿರುವುದೇ ನನಗೆ ಆಸರೆಯೂ ಆಗಿತ್ತು.

ಕಲಬುರಗಿಯ ಲ್ಯಾಬಿನಿಂದ ರಿಪೋರ್ಟು ಬಂತು. ಎರಡೂ ಕೂಸುಗಳ ರಕ್ತದಲ್ಲಿ ಒಂದೇ ಕ್ರಿಮಿ. ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು: ಇದು ನೀರಿನಲ್ಲಿ, ಒದ್ದೆಯಲ್ಲಿ ಬದುಕುವ ಜಾತಿ, ಇಲ್ಲೇ ಎಲ್ಲೋ ಇದೆ, ಹುಡುಕಿ. ಅಕ್ಕೋರು ಕೂಡಲೇ, "ಟ್ಯಾಂಕಿ! ಟ್ಯಾಂಕರಿನವನ ನೀರು!" ಎಂದು ಎದ್ದರು. ಆಳುಗಳನ್ನು ಹತ್ತಿಸಿ ಟ್ಯಾಂಕಿ ತಿಕ್ಕಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದರು. ನಲ್ಲಿಗಳನ್ನು ಬಿಚ್ಚಿಸಿದರು. ನೆಲ ಒರೆಸುವ ಬಟ್ಟೆಗಳನ್ನೆಲ್ಲ ಸುಟ್ಟರು. ಟ್ಯಾಂಕರಿನ ಡ್ರೈವರನಿಗೆ ಬೈದದ್ದು ಗೇಟನ್ನು ದಾಟಿ ಬಸ್‌ಸ್ಟ್ಯಾಂಡಿನತನಕ ಕೇಳಿರಬೇಕು.

ಮರುದಿನ ಮಧ್ಯಾಹ್ನ ನಾನು ಚಮಚದಲ್ಲಿ ಹಾಲು ಕೊಟ್ಟರೆ ತಂಗಿಯ ಕೂಸು ನುಂಗಲಿಲ್ಲ. ಹಾಲು ಬಾಯಂಚಿನಿಂದ ಇಳಿದು ಕುತ್ತಿಗೆಗೆ ಬಂತು. ಪಾದ ಮುಟ್ಟಿದೆ, ತಣ್ಣಗಿತ್ತು. ಅಕ್ಕೋರನ್ನು ಕೂಗಿದೆ. ಅವರು ಬಂದು ನೋಡಿ ಡಾಕ್ಟರಿಗೆ ಹೇಳಿಕಳಿಸಿದರು.

ಅಷ್ಟರಲ್ಲಿ ಆಯಾ ಮಕ್ಕಳ ನೀರಿನ ಕೆಟಲ್ ಹಿಡಿದು ಬಂದಳು. ಅದು ಅವಳು ನೀರು ಹಾಕುವ ಹೊತ್ತು. ಕೂಸಿನ ತಲೆಯ ಕಡೆಯ ಬಾಟಲಿಗೆ ಬಗ್ಗಿದಳು. ಅಕ್ಕೋರು ನಿಂತಲ್ಲೇ ಅವಳ ಕೈಯನ್ನು ನೋಡುತ್ತಿದ್ದರು, ಉಗುರು ನೋಡುವ ಅಭ್ಯಾಸದಿಂದ ಎಂದುಕೊಂಡೆ. ಕೈಯಿಂದ ಕೆಟಲಿಗೆ, ಕೆಟಲಿನಿಂದ ಬಾಟಲಿಗೆ ಅವರ ಕಣ್ಣು ಹೋಯಿತು.

"ನಿಂದ್ರು. ಈ ಬಾಟ್ಲಿ ಯಾವಾಗ ಖಾಲಿ ಮಾಡಿ ತೊಳ್ದಿದ್ದೀ?"

ಆಯಾ ಹೆದರಿದಳು. "ಖಾಲಿ ಯಾಕ ಮಾಡ್ಲಿರಿ ಅಕ್ಕೋರ? ಮ್ಯಾಲ ಹಾಕ್ರಿ ಅಂತ ನೀವಾ ಹೇಳೀರಲ್ರಿ."

ಅಕ್ಕೋರು ಬಾಟಲಿ ತಿರುವಿ ಬಿಚ್ಚಿದರು. ಬೆರಳು ಒಳಗೆ ಹಾಕಿ ಗೋಡೆಯ ಮೇಲೆ ಎಳೆದರು. ಹೊರಗೆ ತೆಗೆದು ಹೆಬ್ಬೆರಳಿಗೆ ತಿಕ್ಕಿ ನೋಡಿದರು. ವಾರಗಟ್ಟಲೆ ತಿಕ್ಕದ ನೀರಿನ ಹರವಿಯ ಒಳಗೆ ಕೈ ಹಾಕಿದರೆ ಸಿಗುವಂಥದೇ ಲೋಳೆ, ನೀರು ಹೊತ್ತು ಬೆಳೆದ ಯಾವ ಹೆಂಗಸಿಗೂ ಅದು ಗೊತ್ತು. ನೀರು ಕುದಿಸಿದ್ದೇ, ಆದರೆ ಬಾಟಲಿ ಒಮ್ಮೆಯೂ ಒಣಗಿರಲಿಲ್ಲ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೆ ಹೊಸದು. ಅದರೊಳಗಿಂದ ಹಾದ ಗಾಳಿ ನಮ್ಮ ಕೂಸುಗಳ ಎದೆಗೆ ಹೋಗುತ್ತಿತ್ತು.

ಡಾಕ್ಟರು ಓಡಿ ಬಂದರು. ಬಾಟಲಿ ಬಿಟ್ಟು ಒಣ ಆಕ್ಸಿಜನ್ನನ್ನೇ ಸಣ್ಣಗೆ ಹಚ್ಚಿ ಎಂದರು. ರಿಪೋರ್ಟಿನಲ್ಲಿ ಆ ಕ್ರಿಮಿಗೆ ನಾಟುವುದೆಂದು ಇದ್ದ ಔಷಧಿ ಶುರು ಮಾಡಿದರು. ಎಲ್ಲ ಬಾಟಲಿಗಳನ್ನೂ ತೆಗೆದದ್ದರಿಂದ ಕೋಣೆಯಲ್ಲಿ ಗುಳುಗುಳು ಸದ್ದು ನಿಂತುಹೋಯಿತು. ಅಷ್ಟು ದಿನ ಧೈರ್ಯ ಕೊಟ್ಟ ಸದ್ದೇ ಕೂಸುಗಳನ್ನು ಕೊಲ್ಲುತ್ತಿತ್ತು ಎಂದು ಗೊತ್ತಿದ್ದರೂ, ಸದ್ದಿಲ್ಲದ ಆ ಕೋಣೆಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೂಸಿನ ಎದೆ ಏರುತ್ತಿದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಅಕ್ಕೋರು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಾಟಲಿಗಳನ್ನು ತಿಕ್ಕುತ್ತಿದ್ದರು. ಒಂದು ಬಾಟಲಿಯ ನೀರನ್ನು ಮಾತ್ರ ಲ್ಯಾಬಿಗೆಂದು ತೆಗೆದಿಟ್ಟು, ಉಳಿದ ನೀರನ್ನೆಲ್ಲ ನೆಲಕ್ಕೆ ಚೆಲ್ಲಿದರು. ಆ ಬೇಸಿಗೆಯಲ್ಲಿ ಅವರು ನೀರು ಚೆಲ್ಲಿದ್ದನ್ನು ಎಲ್ಲರೂ ನಿಂತು ನೋಡಿದೆವು.

ಕೂಸು ಆ ಸಂಜೆ ದಾಟಿತು. ಮರುದಿನವೂ ಹಾಗೇ ತೂಗಾಡಿತು. ಆಮೇಲೆ ಒಂದು ಮುಂಜಾನೆ, ಸೂಜಿ ಚುಚ್ಚಿದಾಗ, ಕೆಂಪಗಾಗಿ ಕಿರುಚಿ ಅತ್ತಿತು. ಇಷ್ಟು ಚಂದದ ಅಳು ನಾನು ಕೇಳಿಲ್ಲ. ಓಡಿಹೋಗಿ ತಂಗಿಯ ಮಗ್ಗುಲಲ್ಲಿ ಕುಳಿತು ನಾನೂ ಅತ್ತೆ. ಅವಳಿಗೆ ಗಾಬರಿಯಾಗಿ, "ಏನಾತಕ್ಕಾ?" ಎಂದು ನನ್ನ ಸೆರಗು ಜಗ್ಗಿದಳು.

ಲ್ಯಾಬಿನವರು ಬಾಟಲಿಯ ನೀರಿನಲ್ಲೂ ಅದೇ ಕ್ರಿಮಿ ಇದೆಯೆಂದು ಹೇಳಿದರು. ಡಾಕ್ಟರು ನಮ್ಮನ್ನೆಲ್ಲ ಕರೆದು, ಬಾಗಿಲು ಹಾಕಿ, "ಆದದ್ದು ಆತು. ಇನ್ನಮುಂದ ದಿನಾ ಬಾಟ್ಲಿ ಖಾಲಿ ಮಾಡಿ, ತೊಳ್ದು, ಒಣಗಿಸಿ, ಹೊಸಾ ನೀರು. ಆದ್ರ ಈ ಮಾತು ಈ ಖೋಲಿ ದಾಟಬಾರದು" ಎಂದರು. ಎಲ್ಲರೂ ತಲೆಯಾಡಿಸಿದೆವು. ಅಕ್ಕೋರೂ "ಆತ್ರಿ" ಎಂದರು. ಆ ಮಾತು ಅವರ ಬಾಯಿಂದ ಅಷ್ಟು ಸುಲಭವಾಗಿ ಬಂದದ್ದು ನನಗೆ ಸರಿಕಾಣಲಿಲ್ಲ.

ನಮ್ಮಲ್ಲಿ ಒಬ್ಬ ಆಯಾ ಕೊಳಕೂರ ಕಡೆಯವಳು. ಕೂಸು ಕಳೆದುಕೊಂಡ ಆ ಹುಡುಗಿಯ ಮನೆಯ ಸುದ್ದಿಯನ್ನು ಅವಳೇ ತಂದಳು. ಬಸುರಿ ಇದ್ದಾಗ ಮುಸ್ಸಂಜೆಯಲ್ಲಿ ತಲೆ ಮೇಲೆ ಸೆರಗಿಲ್ಲದೆ ಹೊಲದ ಕಡೆ ಹೋಗಿದ್ದಳಂತೆ, ಅದಕ್ಕೇ ಗಾಳಿ ಬಡಿಯಿತಂತೆ. ಅವಳ ಹಾಲೇ ನಂಜಂತೆ. ಅತ್ತೆ ಊರೆಲ್ಲ ಇದನ್ನೇ ಹೇಳುತ್ತಿದ್ದಾಳಂತೆ, ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ನಡೆದಿದೆಯಂತೆ. ಆಯಾ ಹೇಳುತ್ತಿದ್ದಾಗ ಅಕ್ಕೋರು ಒಣಗಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ತಲೆ ಎತ್ತಲಿಲ್ಲ.

ತಮ್ಮ ರಜೆಯ ದಿನ ನನಗೂ ರಜೆ ಹಾಕಿಸಿ, "ನಡಿ, ಕೊಳಕೂರ ಕಡೆ ಹೋಗಿ ಬರೂಣು" ಎಂದರು. ಜೇವರ್ಗಿಯಲ್ಲಿ ಬಸ್ಸು ಬದಲಿಸಿದೆವು. ಅವತ್ತು ಅವರ ಎರಡೂ ಕೈ ತುಂಬ ಬಳೆ. ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಲೇ ಹೇಳಿದರು: "ನಾ ಹೇಳಾಕ ಹೋಗಿ ನಡುವ ನಿಂದ್ರತೇನಿ. ನಂಗ ಗೊತ್ತದ ನನ್ನ ಸ್ವಭಾವ. ನಿಂತ್ರ ಹಿಂದಿಂದ ದೂಡು. ಅದಕ್ಕ ನಿನ್ನ ಕರ್ಕೊಂಡು ಬಂದೇನಿ."

"ಡಾಕ್ಟರ್ರಿಗೆ ಗೊತ್ತಾದ್ರ ಕೆಲಸ ಹೋಗ್ತದ್ರಿ" ಎಂದೆ.

"ಹೋಗ್ಲಿ ಬಿಡು."

ಹೋಯಿತು ಕೂಡ. ಆಮೇಲೆ ಅವರು ಬೇರೆ ಕಡೆಗಳಲ್ಲಿ ದುಡಿದರು, ಹೋದಲ್ಲೆಲ್ಲ ಹುಡುಗಿಯರಿಗೆ ಆ ಬಾಟಲಿಯ ಕತೆ ಹೇಳಿ, ಯಾರ ತಪ್ಪು ಎಂಬುದನ್ನೂ ಹೇಳುತ್ತಿದ್ದರಂತೆ. ಬೈಯುವುದು ಮಾತ್ರ ಕಡಿಮೆಯಾಗಲಿಲ್ಲ ಎಂದು ಕೇಳಿದ್ದೇನೆ. ನನ್ನ ತಂಗಿಯ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆದರೆ ಅಕ್ಕೋರು ಎಂದರೆ ನನ್ನ ಕಣ್ಣಿಗೆ ಬರುವುದು ಇವು ಯಾವುವೂ ಅಲ್ಲ, ಆ ಮನೆಯ ಅಂಗಳ.

ನಾವು ಹೋದಾಗ ಮನೆಯವರು ಎದ್ದು ನಿಂತರು. "ಬರ್ರಿ ಅಕ್ಕೋರ, ಬರ್ರಿ" ಎಂದು ಮಾವ ಕಂಬಳಿ ಹಾಸಿದ. ಅತ್ತೆ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಗಂಡ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಆ ಹುಡುಗಿ ಒಳಬಾಗಿಲ ಹಿಂದೆ ನಿಂತಿದ್ದಳು, ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ಮಾವನೇ ಮಾತು ಶುರು ಮಾಡಿದ: "ನೀವು ಬಾಳ ಮಾಡಿದ್ರಿ ನಮ್ಮ ಕೂಸಿಗೆ. ನಿಮ್ಮದೇನು ಕಮ್ಮಿ ಇಲ್ರಿ. ಈಕಿ ನಸೀಬನ ಸುಮಾರು."

ಅಲ್ಲಿಗೆ ಮುಗಿಸಬಹುದಿತ್ತು. ಒಂದು ಸಮಾಧಾನದ ಮಾತು ಹೇಳಿ, ನೀರು ಕುಡಿದು, ಕೈ ಮುಗಿಸಿಕೊಂಡು ಬಸ್ಸು ಹತ್ತಬಹುದಿತ್ತು. ಅಕ್ಕೋರು ತಂಬಿಗೆ ಹಿಡಿದುಕೊಂಡೇ ಕುಳಿತರು. ಕುಡಿಯಲಿಲ್ಲ. ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ. ಬೆವರಿನಿಂದ ಒದ್ದೆಯಾಗಿತ್ತು.

"ಈಕಿದೇನೂ ಗಲತಿ ಇಲ್ರಿ" ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅದು ಅವರದೇ ಎಂದು ನಂಬಲಾಗಲಿಲ್ಲ. "ಈಕಿ ಹಾಲಿಂದಲ್ಲ, ನಸೀಬಿಂದಲ್ಲ, ಗಾಳಿಂದೂ ಅಲ್ಲ. ಕೂಸಿಗೆ ಹಚ್ಚಿದ ನೀರಿನ ಬಾಟ್ಲಿ ನಾ ತೊಳಸಲಿಲ್ಲ. ಹಳೀ ನೀರಿನ ಮ್ಯಾಲ ಹೊಸಾ ನೀರು ಹಾಕ್ಸಿದೆ. ಅದರಾಗ ರೋಗ ಬೆಳೀತು. ಅದಾ ಕೂಸಿನ ಮೈಯಾಗ ಹೋತು. ಗಲತಿ ನಂದು."

ಗಂಡ ಎದ್ದು ನಿಂತ. "ಅಂದ್ರ ನೀವಾ ಕೊಂದ್ರಿ?"

"ಹೌದಪ್ಪ."

ಅವನು ಮುಂದೆ ಬಂದ. ಮಾವ ಅಡ್ಡ ಬಂದು ಅವನ ತೋಳು ಹಿಡಿದ. ಅಕ್ಕೋರು ಕುಳಿತಲ್ಲಿಂದ ಏಳಲಿಲ್ಲ, ಬಾಗಿಲ ಕಡೆ ನೋಡಲೂ ಇಲ್ಲ. ಅತ್ತೆ ಮಾತ್ರ ಏನೂ ಆಗದವಳಂತೆ ನಮ್ಮೆಲ್ಲರ ಮುಖ ಮುಖ ನೋಡುತ್ತಿದ್ದಳು.

ಒಳಬಾಗಿಲಿನಿಂದ ಆ ಹುಡುಗಿ ಹೊರಗೆ ಬಂದಳು. ಗಂಡನನ್ನು ದಾಟಿ, ಮಾವನನ್ನು ದಾಟಿ ಬಂದು, ಅಕ್ಕೋರ ಎದುರು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

"ಅಕ್ಕೋರ, ನಮ್ಮ ಅತ್ತೀಗೆ ಕಿವಿ ಜರಾ ಮಂದ ಅದ. ಇನ್ನೊಮ್ಮೆ ಹೇಳ್ರಿ."

ಪಕ್ಕದ ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಇತ್ತ ನೋಡುತ್ತಿದ್ದರು. ಅಕ್ಕೋರು ತಂಬಿಗೆ ಕೆಳಗಿಟ್ಟರು. ಎದ್ದು ಆ ಮುದುಕಿಯ ಹತ್ತಿರ ಹೋಗಿ ನಿಂತರು. ಗೇಟಿನತನಕ ಕೇಳುತ್ತಿದ್ದ ಆ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಬಿಡದೆ ಇನ್ನೊಮ್ಮೆ ಹೇಳಿದರು.